ಪಾರ್ಶ್ವವಾಯು ಮತ್ತು ಮೆದುಳಿನ ರಕ್ತಸಂಚಾರದ ಚಿತ್ರ

(ರೋಣ, ನರಗುಂದ ಹಾಗೂ ಗಜೇಂದ್ರಗಡ ತಾಲ್ಲೂಕುಗಳ ದಂಪತಿಗಳಿಗಾಗಿ ಸಿದ್ಧಪಡಿಸಿದ ಭಾಷಣ)



ಕುಟುಂಬ ಕಲ್ಯಾಣವೆಂದರೆ ಚಿಕ್ಕ ಸಂಸಾರ, ತಾಯಿಯ ಆರೈಕೆ, ಮಗುವಿಗೆ ಲಸಿಕೆ ಇಷ್ಟೇ ಎಂದು ಅನೇಕರು ಭಾವಿಸಿರುತ್ತಾರೆ. ಇವೆಲ್ಲವೂ ಅದರ ಮುಖ್ಯ ಅಂಗಗಳೇ ಸರಿ. ಆದರೆ ಹೊಲ ಮನೆಗಳೆರಡರಲ್ಲಿಯೂ ದುಡಿಯುತ್ತಿದ್ದ ಗಂಡನಾಗಲಿ, ಹೆಂಡತಿಯಾಗಲಿ ಒಂದು ದಿನ ಇದ್ದಕ್ಕಿದ್ದಂತೆ ಕೈಕಾಲು ಸ್ವಾಧೀನ ತಪ್ಪಿ, ಬಾಯಿ ಸೊಟ್ಟಗಾಗಿ, ಮಾತು ತೊದಲಿ ಹಾಸಿಗೆ ಹಿಡಿದರೆ ಆ ಕುಟುಂಬದ ಕಲ್ಯಾಣವು ಎಲ್ಲಿ ಉಳಿಯಿತು? ದುಡಿಯುವ ಎರಡು ಕೈಗಳು ಕಡಿಮೆಯಾಗುವುದು ಮಾತ್ರವಲ್ಲ, ಅವರನ್ನು ನೋಡಿಕೊಳ್ಳಲು ಇನ್ನೆರಡು ಕೈಗಳು ಮನೆಯಲ್ಲಿಯೇ ಉಳಿಯಬೇಕಾಗುತ್ತದೆ. ಆದುದರಿಂದ ಈ ರೋಗದ ತಿಳುವಳಿಕೆಯು ಕುಟುಂಬ ಕಲ್ಯಾಣದ ಒಂದು ಭಾಗವೇ ಆಗಿರುತ್ತದೆ.

ನಮ್ಮ ಭಾಗದ ಜನರು ಈ ರೋಗವನ್ನು ಲಕ್ವ ಎನ್ನುತ್ತಾರೆ, ಅರ್ಧಾಂಗವಾಯು ಎನ್ನುತ್ತಾರೆ. ಗ್ರಂಥಗಳಲ್ಲಿ ಇದಕ್ಕೆ ಪಾರ್ಶ್ವವಾಯು ಎಂಬ ಹೆಸರುಂಟು. ಹೆಸರಿನಲ್ಲಿ ವಾಯು ಇರುವುದರಿಂದ ಇದು ಗಾಳಿಯ ದೋಷವೆಂದೂ, ಕೈಕಾಲುಗಳ ರೋಗವೆಂದೂ ತಿಳಿದು ಎಣ್ಣೆ ತಿಕ್ಕುವವರು ಬಹಳ. ವಾಸ್ತವವಾಗಿ ಕೈಕಾಲುಗಳಲ್ಲಿ ಯಾವ ದೋಷವೂ ಇರುವುದಿಲ್ಲ. ಅವುಗಳನ್ನು ಆಳುವ ಮೆದುಳಿನ ಒಂದು ಭಾಗಕ್ಕೆ ರಕ್ತ ತಲುಪದೆ ಹೋದುದೇ ಇದರ ಕಾರಣ. ಮೆದುಳಿನ ಬಲಭಾಗಕ್ಕೆ ರಕ್ತ ನಿಂತರೆ ಶರೀರದ ಎಡಭಾಗವೂ, ಎಡಭಾಗಕ್ಕೆ ನಿಂತರೆ ಶರೀರದ ಬಲಭಾಗವೂ ಶಕ್ತಿಗುಂದುತ್ತವೆ. ಬಲಗೈ ಬಳಸುವ ಬಹುಪಾಲು ಜನರಲ್ಲಿ ಮಾತಿನ ಕೇಂದ್ರವು ಎಡಭಾಗದಲ್ಲಿಯೇ ಇರುವುದರಿಂದ ಬಲಗೈ ಬಲಗಾಲುಗಳೊಂದಿಗೆ ಮಾತೂ ಹೋಗುವುದನ್ನು ನೀವು ನೋಡಿರಬಹುದು.

ಹಾಗಾದರೆ ಗಟ್ಟಿಯಾದ ಬುರುಡೆಯೊಳಗಿನ ಮೆದುಳಿನಲ್ಲಿ ರಕ್ತವು ಎಲ್ಲಿ ನಿಂತಿತೆಂಬುದನ್ನು ವೈದ್ಯರು ಹೇಗೆ ತಿಳಿಯುತ್ತಾರೆ? ತಲೆಯನ್ನು ಕೊಯ್ಯದೆ ಅದನ್ನು ನೋಡುವ ಬಗೆ ಇಂದು ಉಂಟು. ಆ ಬಗೆ ಯಾವುದು, ಅದರಿಂದ ಪ್ರಯೋಜನ ಪಡೆಯಬೇಕಾದರೆ ಗಂಡ ಹೆಂಡಿರು ಏನನ್ನು ತಿಳಿದಿರಬೇಕು ಎಂಬುದೇ ಈ ಭಾಷಣದ ವಿಷಯ.

ಬಾಡಿದ ಬೆಳೆಯೂ ಒಣಗಿದ ಬೆಳೆಯೂ

ಮೊದಲು ಮೆದುಳಿನ ನೀರಾವರಿಯನ್ನು ತಿಳಿಯೋಣ. ನೀರಾವರಿ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ನೀರು ಮುಖ್ಯ ಕಾಲುವೆಗೆ ಬಂದು, ಅಲ್ಲಿಂದ ಉಪಕಾಲುವೆಗಳಿಗೆ ಹಂಚಿ, ಕೊನೆಗೆ ಹೊಲಗಾಲುವೆಯ ಮೂಲಕ ಬೆಳೆಯ ಬುಡ ಮುಟ್ಟುವುದನ್ನು ನರಗುಂದ, ರೋಣ ಕಡೆಯ ರೈತರು ಬಲ್ಲರು. ಹೃದಯದಿಂದ ಹೊರಟ ರಕ್ತವೂ ಹೀಗೆಯೇ ಕುತ್ತಿಗೆಯ ನಾಲ್ಕು ದೊಡ್ಡ ನಾಳಗಳ ಮೂಲಕ ಮೇಲೇರಿ, ಕವಲೊಡೆದು, ಕೂದಲಿಗಿಂತ ಸಣ್ಣ ನಾಳಗಳಲ್ಲಿ ಹರಿದು ಮೆದುಳಿನ ಪ್ರತಿಯೊಂದು ಕೋಶವನ್ನೂ ಮುಟ್ಟುತ್ತದೆ. ಮೆದುಳಿನ ತೂಕ ಸುಮಾರು 1.4 ಕಿಲೋಗ್ರಾಂ, ಅಂದರೆ ಶರೀರದ ತೂಕದ ನೂರಕ್ಕೆ ಎರಡು ಪಾಲು ಮಾತ್ರ. ಆದರೂ ಪ್ರತಿ ನಿಮಿಷಕ್ಕೆ ಸುಮಾರು ಮುಕ್ಕಾಲು ಲೀಟರ್ ರಕ್ತವು ಅದಕ್ಕೆ ಬೇಕು. ಸ್ನಾಯುಗಳಂತೆ ತನ್ನಲ್ಲಿ ಆಹಾರವನ್ನು ಕೂಡಿಟ್ಟುಕೊಳ್ಳುವ ಶಕ್ತಿ ಮೆದುಳಿಗೆ ಇಲ್ಲ. ಅದರ ಕಣಜ ಬರಿದು. ಅಂದಿನ ರಕ್ತ ಅಂದಿಗೇ, ಆ ಕ್ಷಣದ ರಕ್ತ ಆ ಕ್ಷಣಕ್ಕೇ.

ಮೆದುಳಿನ ಪ್ರತಿ 100 ಗ್ರಾಂ ಭಾಗಕ್ಕೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಹರಿಯುವುದು ಆರೋಗ್ಯದ ಸ್ಥಿತಿ. ಈ ಹರಿವು 20ಕ್ಕಿಂತ ಕೆಳಗಿಳಿದರೆ ಆ ಭಾಗವು ಕೆಲಸ ನಿಲ್ಲಿಸುತ್ತದೆ. ಕೈ ಏಳದು, ಮಾತು ಹೊರಡದು. ಆದರೆ ಅದು ಆಗಲೇ ಸತ್ತಿರುವುದಿಲ್ಲ. ಹರಿವು 10ಕ್ಕಿಂತಲೂ ಕೆಳಗಿಳಿದ ಕಡೆ ಮಾತ್ರ ಕೋಶಗಳು ಬೇಗನೆ ಸಾಯುತ್ತವೆ. ಕಾಲುವೆಯ ನೀರು ನಿಂತಾಗ ಹೊಲದಲ್ಲಿ ಏನಾಗುವುದೆಂಬುದನ್ನು ನೆನಪಿಸಿಕೊಳ್ಳಿರಿ. ಒಂದು ಮೂಲೆಯಲ್ಲಿ ಗೋವಿನಜೋಳವು ಒಣಗಿಯೇ ಹೋಗಿರುತ್ತದೆ. ಅದಕ್ಕೆ ಎಷ್ಟು ನೀರು ಹಾಯಿಸಿದರೂ ಫಲವಿಲ್ಲ. ಅದರ ಸುತ್ತಲಿನ ಬೆಳೆಯು ಬಾಡಿ ಎಲೆ ಮುದುಡಿ ನಿಂತಿರುತ್ತದೆ. ಸಂಜೆಯೊಳಗೆ ನೀರು ಕಂಡರೆ ಮರುದಿನ ತಲೆಯೆತ್ತುತ್ತದೆ, ಕಾಣದಿದ್ದರೆ ಅದೂ ಒಣಗುತ್ತದೆ. ಪಾರ್ಶ್ವವಾಯುವಿನಲ್ಲಿ ಮೆದುಳಿನ ಸ್ಥಿತಿಯೂ ಇದೇ. ನಡುವೆ ಸತ್ತ ಭಾಗ, ಅದರ ಸುತ್ತ ಬಾಡಿದ ಭಾಗ. ವೈದ್ಯರ ಚಿಕಿತ್ಸೆಯೆಲ್ಲವೂ ಆ ಬಾಡಿದ ಭಾಗಕ್ಕಾಗಿಯೇ.

ದೊಡ್ಡ ನಾಳವೊಂದು ಕಟ್ಟಿಕೊಂಡಾಗ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆಂದು ಅಮೆರಿಕದ ವೈದ್ಯ ಜೆಫ್ರಿ ಸೇವರ್ ಅವರು 2006ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಆಗುವ ನಷ್ಟವನ್ನು ನೀವೇ ಲೆಕ್ಕ ಹಾಕಿಕೊಳ್ಳಬಹುದು.

ಇನ್ನೊಂದು ಬಗೆಯ ಪಾರ್ಶ್ವವಾಯುವೂ ಉಂಟು. ಕಾಲುವೆಯಲ್ಲಿ ಹೂಳು ತುಂಬಿ ನೀರು ನಿಲ್ಲುವುದು ಒಂದಾದರೆ, ಏರಿ ಒಡೆದು ನೀರು ನುಗ್ಗಿ ಹೊಲವೇ ಕೊಚ್ಚಿಹೋಗುವುದು ಇನ್ನೊಂದು. ರಕ್ತದೊತ್ತಡ ಹೆಚ್ಚಿ ಮೆದುಳಿನ ನಾಳವು ಒಡೆದಾಗ ಹೀಗಾಗುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಅದೇ ಸೊಟ್ಟ ಬಾಯಿ, ಅದೇ ಬಿದ್ದುಹೋದ ಕೈ. ಆದರೆ ಚಿಕಿತ್ಸೆ ಮಾತ್ರ ಒಂದಕ್ಕೊಂದು ವಿರುದ್ಧ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧಿಯನ್ನು ನಾಳ ಒಡೆದವನಿಗೆ ಕೊಟ್ಟರೆ ಪ್ರಾಣಕ್ಕೇ ಅಪಾಯ. ಆದಕಾರಣ ಮೆದುಳಿನ ಒಳಗನ್ನು ನೋಡದೆ ಚಿಕಿತ್ಸೆಗೆ ಕೈಹಾಕುವಂತಿಲ್ಲ.

ನೋಡುವ ಬಗೆ ಹೇಗೆ ಬೆಳೆದು ಬಂತು

ಜೀವಂತ ಮನುಷ್ಯನ ಮೆದುಳಿನಲ್ಲಿ ರಕ್ತದ ಏರಿಳಿತವನ್ನು ಮೊದಲಿಗೆ ದಾಖಲಿಸಿದವರಲ್ಲಿ ಇಟಲಿಯ ಅಂಜೆಲೋ ಮೊಸ್ಸೋ ಒಬ್ಬರು. ಅವರಿಗೆ ಆ ಅವಕಾಶ ಒದಗಿದುದು ಬರ್ಟಿನೋ ಎಂಬ ಒಬ್ಬ ರೈತನಿಂದ. ತಲೆಗೆ ಪೆಟ್ಟು ಬಿದ್ದು ಅವನ ಬುರುಡೆಯಲ್ಲಿ ತೂತಾಗಿತ್ತು. ಆ ತೂತಿನಲ್ಲಿ ಮೆದುಳಿನ ಮಿಡಿತವು ಕಾಣುತ್ತಿತ್ತು. ಚರ್ಚಿನ ಮಧ್ಯಾಹ್ನದ ಗಂಟೆ ಬಾರಿಸಿದಾಗ, ಅವನು ಪ್ರಾರ್ಥನೆಯನ್ನು ನೆನೆದಾಗ ಆ ಮಿಡಿತವು ಹೆಚ್ಚಾದುದನ್ನು ಮೊಸ್ಸೋ ಅವರು ಬರೆದಿಟ್ಟರು. ಇದು 1880ರ ಸುಮಾರಿನ ಮಾತು.

ಎಲ್ಲರ ಬುರುಡೆಯಲ್ಲಿಯೂ ತೂತಿರುವುದಿಲ್ಲವಷ್ಟೇ. 1940ರ ದಶಕದಲ್ಲಿ ಅಮೆರಿಕದ ಸೀಮೋರ್ ಕೆಟಿ ಮತ್ತು ಕಾರ್ಲ್ ಸ್ಮಿತ್ ಎಂಬವರು ರೋಗಿಗೆ ಒಂದು ಅನಿಲವನ್ನು ಉಸಿರಾಡಿಸಿ, ಕುತ್ತಿಗೆಯ ರಕ್ತನಾಳಕ್ಕೂ ಕೈಯ ನಾಳಕ್ಕೂ ಸೂಜಿ ಚುಚ್ಚಿ ರಕ್ತ ತೆಗೆದು ಮೆದುಳಿನ ರಕ್ತಸಂಚಾರವನ್ನು ಅಳೆದರು. ಆದರೆ ಅದು ಇಡೀ ಊರಿನ ಮಳೆಯ ಸರಾಸರಿಯನ್ನು ಹೇಳಿದಂತೆ. ಯಾವ ಹೊಲಕ್ಕೆ ಬಿತ್ತು, ಯಾವುದಕ್ಕೆ ಬೀಳಲಿಲ್ಲ ಎಂಬುದು ಅದರಿಂದ ತಿಳಿಯುತ್ತಿರಲಿಲ್ಲ. ಮುಂದೆ ವಿಕಿರಣ ಸೂಸುವ ಅನಿಲವನ್ನು ಬಳಸಿ, ತಲೆಯ ಸುತ್ತ ಅಳೆಯುವ ಯಂತ್ರಗಳನ್ನಿಟ್ಟು ಭಾಗ ಭಾಗವಾಗಿ ಅಳೆಯುವ ಬಗೆ ಬಂದಿತು.

1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅವರು ನಿರ್ಮಿಸಿದ ಯಂತ್ರದಿಂದ ಮೊದಲ ಬಾರಿಗೆ ರೋಗಿಯೊಬ್ಬರ ಮೆದುಳಿನ ಪದರ ಪದರದ ಚಿತ್ರವನ್ನು ತೆಗೆಯಲಾಯಿತು. ಇದೇ ಇಂದು ನಾವು ಸಿ.ಟಿ. ಸ್ಕ್ಯಾನ್ ಎಂದು ಕರೆಯುವ ಪರೀಕ್ಷೆ. ಈ ಸಾಧನೆಗಾಗಿ 1979ರಲ್ಲಿ ಅವರಿಗೂ ಅಲನ್ ಕಾರ್ಮಾಕ್ ಅವರಿಗೂ ನೊಬೆಲ್ ಪಾರಿತೋಷಕ ದೊರೆಯಿತು. 1982ರಲ್ಲಿ ರೂನೆ ಆಸ್ಲಿಡ್ ಎಂಬವರು ಕಣತಲೆಯ ತೆಳುವಾದ ಎಲುಬಿನ ಮೂಲಕ ಶಬ್ದದ ಅಲೆಗಳನ್ನು ಹಾಯಿಸಿ ಮೆದುಳಿನ ನಾಳದಲ್ಲಿ ರಕ್ತ ಹರಿಯುವ ವೇಗವನ್ನು ಅಳೆದು ತೋರಿಸಿದರು. 1992ರಲ್ಲಿ ಅಮೆರಿಕದ ಜಾನ್ ಡೆಟ್ರೆ ಮತ್ತು ಅವರ ಸಂಗಡಿಗರು ಯಾವ ಸೂಜಿಯೂ ಔಷಧಿಯೂ ಇಲ್ಲದೆ, ಕೇವಲ ಅಯಸ್ಕಾಂತದ ಯಂತ್ರದಿಂದಲೇ ಮೆದುಳಿನ ರಕ್ತಸಂಚಾರದ ಚಿತ್ರ ತೆಗೆಯುವ ಬಗೆಯನ್ನು ಪ್ರಕಟಿಸಿದರು.

ಇಂದಿನ ಪರೀಕ್ಷೆಗಳು

ಈಗ ಪಾರ್ಶ್ವವಾಯುವಿನ ರೋಗಿಗೆ ಮಾಡುವ ಮುಖ್ಯ ಪರೀಕ್ಷೆಗಳನ್ನು ಒಂದೊಂದಾಗಿ ತಿಳಿಯೋಣ.

ಮೊದಲನೆಯದು ಸಿ.ಟಿ. ಸ್ಕ್ಯಾನ್. ರೋಗಿಯನ್ನು ಒಂದು ಹಲಗೆಯ ಮೇಲೆ ಮಲಗಿಸಿ, ದೊಡ್ಡ ಬಳೆಯಂತಹ ಯಂತ್ರದೊಳಗೆ ತಲೆಯ ಭಾಗವನ್ನು ಸರಿಸುತ್ತಾರೆ. ಎಕ್ಸ್-ರೇ ಕಿರಣಗಳು ಸುತ್ತಲಿನಿಂದಲೂ ಹಾಯುತ್ತವೆ. ಕೆಲವೇ ನಿಮಿಷಗಳ ಕೆಲಸ, ನೋವಿಲ್ಲ. ನಾಳ ಒಡೆದು ಸೋರಿದ ರಕ್ತವು ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಒಡೆದಿದೆಯೋ ಕಟ್ಟಿದೆಯೋ ಎಂಬ ಮೊದಲ ಪ್ರಶ್ನೆಗೆ ಈ ಪರೀಕ್ಷೆಯೇ ಉತ್ತರ ಕೊಡುತ್ತದೆ. ಗರ್ಭಿಣಿಯರಿದ್ದರೆ, ಮುಟ್ಟು ನಿಂತು ಸಂಶಯವಿದ್ದರೆ ಅದನ್ನು ಮುಂಚಿತವಾಗಿ ತಿಳಿಸಬೇಕು. ಹಾಗೆಂದು ತಲೆಯ ಪರೀಕ್ಷೆ ಅಗತ್ಯವಿದ್ದಲ್ಲಿ ಹೆದರಿ ನಿರಾಕರಿಸಬಾರದು.

ಎರಡನೆಯದು ಕೈಯ ನರಕ್ಕೆ ಬಣ್ಣದ ಔಷಧಿಯನ್ನು ಕೊಟ್ಟು ಅದೇ ಸಿ.ಟಿ. ಯಂತ್ರದಲ್ಲಿ ತೆಗೆಯುವ ಚಿತ್ರ. ಔಷಧಿಯು ರಕ್ತದೊಡನೆ ಎಲ್ಲೆಲ್ಲಿ ಎಷ್ಟು ಬೇಗ ತಲುಪಿತು, ಎಲ್ಲಿ ತಡವಾಯಿತು, ಎಲ್ಲಿ ತಲುಪಲೇ ಇಲ್ಲ ಎಂಬುದನ್ನು ಗಣಕಯಂತ್ರವು ಬಣ್ಣ ಬಣ್ಣದ ನಕ್ಷೆಯಾಗಿ ತೋರಿಸುತ್ತದೆ. ಒಣಗಿದ ಬೆಳೆ ಯಾವುದು, ಬಾಡಿದ ಬೆಳೆ ಯಾವುದು ಎಂಬುದು ಈ ನಕ್ಷೆಯಲ್ಲಿ ತಿಳಿಯುತ್ತದೆ. ಮೂತ್ರಪಿಂಡದ ತೊಂದರೆ ಇರುವವರು, ಹಿಂದೆ ಇಂತಹ ಔಷಧಿಯಿಂದ ಮೈಮೇಲೆ ಗಂಧೆ ಎದ್ದವರು ಅದನ್ನು ವೈದ್ಯರಿಗೆ ತಿಳಿಸತಕ್ಕದ್ದು.

ಮೂರನೆಯದು ಎಂ.ಆರ್.ಐ. ಇದರಲ್ಲಿ ಎಕ್ಸ್-ರೇ ಇಲ್ಲ. ಬಲವಾದ ಅಯಸ್ಕಾಂತ ಮತ್ತು ರೇಡಿಯೋ ಅಲೆಗಳಿಂದ ಚಿತ್ರ ಮೂಡುತ್ತದೆ. ಡೆಟ್ರೆ ಅವರು ಕಂಡುಹಿಡಿದ ಬಗೆಯೂ ಇದೇ ಯಂತ್ರದಲ್ಲಿ ನಡೆಯುತ್ತದೆ. ತೂಬಿನ ಬಳಿ ಕಾಲುವೆಯ ನೀರಿಗೆ ಒಂದು ಹಿಡಿ ಹೂವಿನ ಎಸಳುಗಳನ್ನು ಎಸೆದು, ಅವು ಯಾವ ಹೊಲವನ್ನು ಯಾವಾಗ ಮುಟ್ಟಿದವೆಂದು ನೋಡಿದರೆ ನೀರಿನ ಓಟವು ತಿಳಿಯುತ್ತದೆಯಲ್ಲವೇ? ಇಲ್ಲಿ ಎಸಳುಗಳೂ ಬೇಡ. ಕುತ್ತಿಗೆಯ ಬಳಿ ಹಾಯುವ ರಕ್ತದಲ್ಲಿರುವ ನೀರಿನ ಕಣಗಳಿಗೇ ರೇಡಿಯೋ ಅಲೆಗಳಿಂದ ಗುರುತು ಹಾಕುತ್ತಾರೆ. ಒಂದೆರಡು ಸೆಕೆಂಡುಗಳಲ್ಲಿ ಆ ರಕ್ತವು ಮೆದುಳನ್ನು ಸೇರಿದಾಗ ಚಿತ್ರ ತೆಗೆಯುತ್ತಾರೆ. ಬಳಿಕ ಗುರುತು ತಾನಾಗಿಯೇ ಅಳಿಸಿಹೋಗುತ್ತದೆ. ಇದನ್ನು ಮತ್ತೆ ಮತ್ತೆ ಮಾಡಿ ಐದಾರು ನಿಮಿಷಗಳಲ್ಲಿ ರಕ್ತಸಂಚಾರದ ನಕ್ಷೆಯನ್ನು ಸಿದ್ಧಪಡಿಸುತ್ತಾರೆ. ಶರೀರದೊಳಕ್ಕೆ ಹೊರಗಿನ ಪದಾರ್ಥವೇನೂ ಸೇರುವುದಿಲ್ಲವಾದುದರಿಂದ ಮೂತ್ರಪಿಂಡದ ರೋಗಿಗಳಿಗೂ ಮಾಡಬಹುದು, ಬೇಕೆಂದಾಗ ಪುನಃ ಮಾಡಬಹುದು. ಆದರೆ ರೋಗಿಯು ತಲೆ ಅಲುಗಾಡಿಸದೆ ಮಲಗಿರಬೇಕು. ಈ ಪರೀಕ್ಷೆಗೆ ತಕ್ಕ ಯಂತ್ರವೂ ಅನುಭವವೂ ಬೆಂಗಳೂರಿನ ನಿಮ್ಹಾನ್ಸ್‌ನಂತಹ ದೊಡ್ಡ ಸಂಸ್ಥೆಗಳಲ್ಲಿ ಉಂಟು. ತುರ್ತು ಹೊತ್ತಿನಲ್ಲಿ ಮಾತ್ರ ಹತ್ತಿರದ ಸಿ.ಟಿ. ಸ್ಕ್ಯಾನೇ ಮೊದಲ ಆಶ್ರಯ.

ನಾಲ್ಕನೆಯದು ಡಾಪ್ಲರ್ ಪರೀಕ್ಷೆ. ಬಸುರಿಯ ಹೊಟ್ಟೆಗೆ ಸ್ಕ್ಯಾನ್ ಮಾಡುವಂತೆಯೇ ಕುತ್ತಿಗೆಗೆ ಲೋಳೆ ಸವರಿ ಶಬ್ದದ ಅಲೆಗಳಿಂದ ನೋಡುವ ಪರೀಕ್ಷೆಯಿದು. ಕುತ್ತಿಗೆಯ ನಾಳದಲ್ಲಿ ಕೊಬ್ಬು ಕಟ್ಟಿ ದಾರಿ ಕಿರಿದಾಗಿದೆಯೇ ಎಂಬುದು ಇದರಿಂದ ತಿಳಿಯುತ್ತದೆ. ಕೆಲವರಿಗೆ ಕೈ ಮರಗಟ್ಟಿ, ಮಾತು ತೊದಲಿ, ಹತ್ತಿಪ್ಪತ್ತು ನಿಮಿಷಗಳಲ್ಲಿ ಎಲ್ಲವೂ ಸರಿಹೋಗುತ್ತದೆ. ‘ಏನೂ ಆಗಿಲ್ಲ, ಬಿಸಿಲಿಗೆ ಹಾಗಾಯಿತು’ ಎಂದು ಸುಮ್ಮನಾಗುತ್ತಾರೆ. ಇದು ದೊಡ್ಡ ಪಾರ್ಶ್ವವಾಯುವಿನ ಮುನ್ಸೂಚನೆ. ಅಂಥವರನ್ನು ಅಂದೇ ಆಸ್ಪತ್ರೆಗೆ ಕರೆದೊಯ್ದು ಪರೀಕ್ಷಿಸಬೇಕು.

ಬಾಣಂತಿಯ ವಿಷಯ

ಪಾರ್ಶ್ವವಾಯು ಮುದುಕರ ರೋಗವೆಂಬ ನಂಬಿಕೆ ಪೂರ್ತಿ ನಿಜವಲ್ಲ. ಮೆದುಳಿಗೆ ರಕ್ತ ತರುವ ನಾಳಗಳಿರುವಂತೆ ಅಲ್ಲಿಂದ ರಕ್ತವನ್ನು ಹಿಂದಕ್ಕೆ ಒಯ್ಯುವ ಅಭಿಧಮನಿಗಳೂ ಉಂಟು. ಹೊಲದಿಂದ ನೀರು ಹೊರಹೋಗುವ ಬಸಿಗಾಲುವೆ ಕಟ್ಟಿದರೂ ಬೆಳೆ ಕೊಳೆಯುತ್ತದೆ. ಹೆರಿಗೆಯಾದ ಕೆಲವು ವಾರಗಳಲ್ಲಿ ರಕ್ತವು ಹೆಪ್ಪುಗಟ್ಟುವ ಸ್ವಭಾವ ಹೆಚ್ಚಾಗಿರುವುದರಿಂದ ಎಳೆಯ ವಯಸ್ಸಿನ ಬಾಣಂತಿಯರಲ್ಲಿ ಈ ಅಭಿಧಮನಿಗಳು ಕಟ್ಟಿಕೊಳ್ಳುವುದುಂಟು. ದಕ್ಷಿಣ ಭಾರತದ ಬಾಣಂತಿಯರಲ್ಲಿ ಕಾಣುವ ಈ ರೋಗವನ್ನು ನಿಮ್ಹಾನ್ಸ್‌ನ ವೈದ್ಯರು ದಶಕಗಳ ಕಾಲ ಅಭ್ಯಸಿಸಿದ್ದಾರೆ. ಆ ಸಂಸ್ಥೆಯ ನಿರ್ದೇಶಕರೂ ಆಗಿದ್ದ ಡಾ. ಡಿ. ನಾಗರಾಜ ಅವರು ಈ ಅಭ್ಯಾಸದಲ್ಲಿ ಪ್ರಮುಖರು.

ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ದಪ್ಪವಾಗುವುದೆಂದೂ, ಮಗುವಿಗೆ ಶೀತವಾಗುವುದೆಂದೂ ಹೇಳಿ ನೀರನ್ನು ಅಳೆದು ಕೊಡುವ ರೂಢಿ ನಮ್ಮಲ್ಲಿ ಇನ್ನೂ ಕೆಲವು ಮನೆಗಳಲ್ಲಿ ಉಳಿದಿದೆ. ನೀರು ಕಡಿಮೆಯಾದರೆ ರಕ್ತವು ಗಟ್ಟಿಯಾಗುತ್ತದೆ, ಅಪಾಯ ಹೆಚ್ಚುತ್ತದೆ. ಅತ್ತೆಯವರೂ ತಾಯಂದಿರೂ ಪ್ರೀತಿಯಿಂದಲೇ ಹೀಗೆ ಮಾಡುತ್ತಾರೆಂಬುದರಲ್ಲಿ ಸಂಶಯವಿಲ್ಲ. ಆದರೆ ಗಂಡನಾದವನು ಅವರಿಗೆ ವಿನಯದಿಂದ ತಿಳಿಹೇಳಿ, ಕಾಯಿಸಿ ಆರಿಸಿದ ನೀರನ್ನು ಬಾಣಂತಿಗೆ ಬೇಕಾದಷ್ಟು ಕುಡಿಯಲು ಕೊಡಿಸಬೇಕು. ಹೆರಿಗೆಯ ನಂತರ ದಿನದಿಂದ ದಿನಕ್ಕೆ ಹೆಚ್ಚುವ ತಲೆನೋವು, ವಾಂತಿ, ಕಣ್ಣು ಮಂಜಾಗುವುದು, ಫಿಟ್ಸ್, ಕೈಕಾಲಿನ ನಿಶ್ಶಕ್ತಿ ಇವು ಕಂಡರೆ ದೆವ್ವ ಮೆಟ್ಟಿತೆಂದೋ, ಬಾಣಂತಿ ಸನ್ನಿಯೆಂದೋ ಮನೆಯಲ್ಲಿಟ್ಟುಕೊಳ್ಳಬಾರದು. ಎಂ.ಆರ್.ಐ. ಯಂತ್ರದಿಂದ ಈ ಅಭಿಧಮನಿಗಳ ಚಿತ್ರವನ್ನು ಬಣ್ಣದ ಔಷಧಿಯಿಲ್ಲದೆಯೂ ತೆಗೆಯಬಹುದು. ಆಮೇಲೆ ಮಗುವಿಗೆ ಮೊಲೆಯುಣಿಸಲು ಅದರಿಂದ ಅಡ್ಡಿಯಿಲ್ಲ. ಸಕಾಲದಲ್ಲಿ ಪತ್ತೆಯಾದರೆ ಅನೇಕ ತಾಯಂದಿರು ಗುಣಹೊಂದಿ ಮನೆಗೆ ಮರಳುತ್ತಾರೆ.

ಅಂತೆಯೇ ರಕ್ತದೊತ್ತಡ ಇರುವ ಸ್ತ್ರೀಯರು ಗರ್ಭನಿರೋಧಕ ಗುಳಿಗೆಯನ್ನು ತಾವಾಗಿಯೇ ಆರಂಭಿಸಬಾರದು. ಆರೋಗ್ಯ ಕಾರ್ಯಕರ್ತೆಗೆ ಇಲ್ಲವೆ ವೈದ್ಯರಿಗೆ ತಿಳಿಸಿ ತಮಗೆ ತಕ್ಕ ಬೇರೆ ವಿಧಾನವನ್ನು ಆರಿಸಿಕೊಳ್ಳಬೇಕು. ಹಿಂದೆ ಹೀಗೆ ಅಭಿಧಮನಿ ಕಟ್ಟಿದ್ದ ಸ್ತ್ರೀಯರಿಗೂ ಇದೇ ಮಾತು.

ಕೆಲವು ಸಂಶಯಗಳು

ಪರೀಕ್ಷೆಯ ಹೆಸರು ಕೇಳಿದೊಡನೆ ನಮ್ಮ ಜನರಲ್ಲಿ ಕೆಲವು ಸಂಶಯಗಳು ಏಳುತ್ತವೆ. ಅವನ್ನು ಇಲ್ಲಿಯೇ ಪರಿಹರಿಸಿಕೊಳ್ಳುವುದು ಒಳ್ಳೆಯದು.

‘ಒಮ್ಮೆ ಚಿತ್ರ ತೆಗೆದ ಮೇಲೆ ಮತ್ತೊಮ್ಮೆ ಏಕೆ? ಇದೆಲ್ಲ ಹಣಕ್ಕಾಗಿ’ ಎಂದು ಕೆಲವರು ಹೇಳುತ್ತಾರೆ. ಮೊದಲ ಚಿತ್ರವು ಒಡೆದಿದೆಯೋ ಕಟ್ಟಿದೆಯೋ ಎಂಬುದಕ್ಕೆ. ಎರಡನೆಯದು ಬದುಕಿಸಬಹುದಾದ ಭಾಗ ಎಷ್ಟು ಉಳಿದಿದೆ ಎಂಬುದಕ್ಕೆ. ಮರುದಿನದ್ದು ಚಿಕಿತ್ಸೆಯ ಫಲವನ್ನು ನೋಡುವುದಕ್ಕೆ. ಯಾವ ಚಿತ್ರ ಯಾವುದಕ್ಕೆಂದು ವೈದ್ಯರನ್ನು ಕೇಳುವ ಹಕ್ಕು ನಿಮಗೆ ಉಂಟು. ಕೇಳಿ ತಿಳಿದು ಒಪ್ಪಿಗೆ ಕೊಡಿರಿ.

‘ತಾಳಿ ತೆಗೆಯಬೇಕೆನ್ನುತ್ತಾರೆ, ಅದು ಅಶುಭವಲ್ಲವೇ?’ ಎಂಬುದು ಹೆಣ್ಣುಮಕ್ಕಳ ಸಂಕಟ. ಎಂ.ಆರ್.ಐ. ಕೋಣೆಯ ಅಯಸ್ಕಾಂತವು ಕಬ್ಬಿಣವನ್ನು ಬಲವಾಗಿ ಎಳೆಯುತ್ತದೆ. ಬಂಗಾರವನ್ನು ಎಳೆಯದಿದ್ದರೂ ಲೋಹವು ಬಿಸಿಯಾಗಬಹುದು, ಚಿತ್ರವೂ ಕೆಡುತ್ತದೆ. ಆದ್ದರಿಂದ ತಾಳಿ ಸರ, ಕಾಲುಂಗುರ, ಮೂಗುತಿ, ಪಿನ್ನು, ಉಡುದಾರದಲ್ಲಿನ ಬೆಳ್ಳಿ, ಕೈಗಡಿಯಾರ, ಮೊಬೈಲು ಎಲ್ಲವನ್ನೂ ಹೊರಗಿಡಬೇಕು. ಅಷ್ಟು ಹೊತ್ತು ಅರಿಶಿನದ ಕೊಂಬು ಕಟ್ಟಿದ ನೂಲಿನ ದಾರವನ್ನು ಕೊರಳಲ್ಲಿ ಕಟ್ಟಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಗಂಡನ ಪ್ರಾಣಕ್ಕಾಗಿ ಧರಿಸಿದ ತಾಳಿಯನ್ನು ಹೆಂಡತಿಯ ಪ್ರಾಣಕ್ಕಾಗಿ ಅರ್ಧ ಗಂಟೆ ಬಿಚ್ಚಿಡುವುದರಲ್ಲಿ ಅಶುಭವೇನು? ಈ ಮಾತನ್ನು ಗಂಡನೇ ಮುಂದಾಗಿ ಹೇಳಿದರೆ ಅವಳ ಮನಸ್ಸಿಗೆ ಸಮಾಧಾನವಾಗುತ್ತದೆ. ಎದೆಯಲ್ಲಿ ಪೇಸ್‌ಮೇಕರ್, ಶರೀರದಲ್ಲಿ ಲೋಹದ ಸಲಾಕೆ, ತಲೆಯಲ್ಲಿ ಕ್ಲಿಪ್ ಇದ್ದವರು ತಪ್ಪದೆ ಮೊದಲೇ ತಿಳಿಸಬೇಕು. ತಾಮ್ರ ಇದ್ದರೂ ತಿಳಿಸಿರಿ. ವಂಕಿ (ಕಾಪರ್-ಟಿ) ಹಾಕಿಸಿಕೊಂಡವರಿಗೂ ಸಾಮಾನ್ಯವಾಗಿ ಪರೀಕ್ಷೆಗೆ ತೊಂದರೆಯಿಲ್ಲ.

‘ಯಂತ್ರದೊಳಗೆ ಉಸಿರು ಕಟ್ಟುವುದೇ?’ ಇಲ್ಲ. ಕೊಳವೆಯಂತಹ ಜಾಗ ಇಕ್ಕಟ್ಟೆನಿಸುತ್ತದೆ, ಡಬಡಬನೆ ದೊಡ್ಡ ಸದ್ದಾಗುತ್ತದೆ, ಅಷ್ಟೇ. ಕಿವಿಗೆ ಹತ್ತಿ ಇಲ್ಲವೆ ಮುಚ್ಚಳ ಕೊಡುತ್ತಾರೆ, ಕರೆಯಲು ಕೈಯಲ್ಲಿ ಒಂದು ಗುಂಡಿಯನ್ನೂ ಕೊಡುತ್ತಾರೆ.

‘ಸ್ಕ್ಯಾನ್ ಮಾಡಿಸಿದೆವು, ಆದರೂ ಗುಣವಾಗಲಿಲ್ಲ’ ಎಂಬ ಮಾತೂ ಉಂಟು. ಸ್ಕ್ಯಾನ್ ಔಷಧಿಯಲ್ಲ, ಅದು ಕಣ್ಣು ಮಾತ್ರ. ಕಣ್ಣು ಕಂಡ ಹೊತ್ತಿಗೆ ಬಾಡಿದ ಭಾಗವೆಲ್ಲ ಒಣಗಿಹೋಗಿದ್ದರೆ ವೈದ್ಯರಾದರೂ ಏನು ಮಾಡಬಲ್ಲರು? ಮಾತು ಪುನಃ ಹೊತ್ತಿನ ಬಳಿಗೇ ಬಂದು ನಿಲ್ಲುತ್ತದೆ.

ಹೊತ್ತನ್ನು ಕಾಯುವವರು ಗಂಡ ಹೆಂಡಿರು

ನಾಳ ಕಟ್ಟಿದ ರೋಗಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ರೋಗ ಆರಂಭವಾದ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಎಷ್ಟು ಮೊದಲೋ ಅಷ್ಟು ಒಳ್ಳೆಯದು. ದೊಡ್ಡ ನಾಳ ಕಟ್ಟಿದ್ದರೆ ತೊಡೆಯ ನಾಳದ ಮೂಲಕ ಸಣ್ಣ ಕೊಳವೆಯನ್ನು ಹಾಯಿಸಿ ಹೆಪ್ಪನ್ನು ಹೊರತೆಗೆಯುವ ಚಿಕಿತ್ಸೆಯೂ ದೊಡ್ಡ ನಗರಗಳ ಕೆಲವು ಆಸ್ಪತ್ರೆಗಳಲ್ಲಿ ಉಂಟು. ರಕ್ತಸಂಚಾರದ ಚಿತ್ರದಲ್ಲಿ ಬಾಡಿದ ಭಾಗ ಇನ್ನೂ ಉಳಿದಿರುವುದು ಕಂಡರೆ ಆಯ್ದ ಕೆಲವು ರೋಗಿಗಳಿಗೆ 24 ಗಂಟೆಗಳವರೆಗೂ ಇದರಿಂದ ಪ್ರಯೋಜನವಾಗುವುದೆಂದು 2018ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿವೆ. ಆದರೆ ಇದನ್ನು ಕೇಳಿ ‘24 ಗಂಟೆ ಇದೆಯಲ್ಲ’ ಎಂದು ಕುಳಿತುಕೊಳ್ಳಬಾರದು. ಅಷ್ಟು ಹೊತ್ತು ಯಾರ ಮೆದುಳು ತಾಳುವುದೆಂಬುದು ಮೊದಲೇ ತಿಳಿಯುವಂತಿಲ್ಲ.

ರೋಗ ಯಾವಾಗ ಆರಂಭವಾಯಿತೆಂಬುದನ್ನು ಮಾತು ಕಳೆದುಕೊಂಡ ರೋಗಿ ಹೇಳಲಾರನು. ಹೇಳಬಲ್ಲವರು ಜೊತೆಗಿರುವ ಹೆಂಡತಿ ಅಥವಾ ಗಂಡ. ‘ಬೆಳಿಗ್ಗೆ ಆರಕ್ಕೆ ಚಹಾ ಕುಡಿದು ಸರಿಯಾಗಿ ಮಾತನಾಡಿದರು, ಆರೂವರೆಗೆ ಚೊಂಬು ಕೈಜಾರಿ ಬಿತ್ತು’ ಎಂಬ ನಿಮ್ಮ ಒಂದು ಮಾತು ವೈದ್ಯರಿಗೆ ಬಹು ದೊಡ್ಡ ಆಧಾರ. ರಾತ್ರಿ ಚೆನ್ನಾಗಿ ಮಲಗಿದವರು ಬೆಳಿಗ್ಗೆ ಏಳುವಾಗಲೇ ಕೈಸೋತಿದ್ದರೆ, ಕೊನೆಯದಾಗಿ ಯಾವಾಗ ಚೆನ್ನಾಗಿದ್ದರು ಎಂಬ ಹೊತ್ತನ್ನು ಹೇಳಿರಿ. ಅಂತಹ ರೋಗಿಗಳಲ್ಲಿ ಗಡಿಯಾರ ಹೇಳಲಾರದುದನ್ನು ಎಂ.ಆರ್.ಐ. ಇಲ್ಲವೆ ರಕ್ತಸಂಚಾರದ ಚಿತ್ರವು ಹೇಳಬಲ್ಲದು.

ಈಗ ದಾರಿಯ ಲೆಕ್ಕ ಹಾಕೋಣ. ರೋಣದಿಂದ ಗದಗಿಗೆ ಸುಮಾರು 40 ಕಿಲೋಮೀಟರ್. ಗಜೇಂದ್ರಗಡದಿಂದ ಗದಗಿಗೆ, ನರಗುಂದದಿಂದ ಹುಬ್ಬಳ್ಳಿಗೆ ಸುಮಾರು 55 ಕಿಲೋಮೀಟರ್. ಹಳ್ಳಿಯಿಂದ ತಾಲ್ಲೂಕು ಊರಿಗೆ ಬರುವ ದಾರಿ ಬೇರೆ. ಬೆಳಿಗ್ಗೆ 6.30ಕ್ಕೆ ರೋಗ ಕಾಣಿಸಿದರೆ ಗಡುವು 11 ಗಂಟೆಗೆ ಮುಗಿಯಿತು. ದಾರಿಗೆ ಒಂದೂವರೆ ಗಂಟೆ, ಆಸ್ಪತ್ರೆಯಲ್ಲಿ ಪರೀಕ್ಷೆ ಮತ್ತು ಸ್ಕ್ಯಾನ್‌ಗೆ ಒಂದು ಗಂಟೆ ಎಂದು ಹಿಡಿದರೆ ಉಳಿಯುವುದು ಎರಡು ಗಂಟೆ ಮಾತ್ರ. ಆ ಎರಡು ಗಂಟೆಯನ್ನು ಎಣ್ಣೆ ತಿಕ್ಕುವುದರಲ್ಲಿ, ಪಾರಿವಾಳದ ರಕ್ತ ಹಚ್ಚುವುದರಲ್ಲಿ, ಬರೆ ಹಾಕಿಸುವುದರಲ್ಲಿ, ಊರಿನ ಹಿರಿಯರು ಬರಲೆಂದು ಕಾಯುವುದರಲ್ಲಿ ಕಳೆದರೆ ಆ ದಿನದ ಗಡುವು ಮನೆಯಲ್ಲಿಯೇ ಮುಗಿದಂತೆ. ರೂಢಿಯ ಉಪಚಾರಗಳಲ್ಲಿ ನಿಮಗೆ ನಂಬಿಕೆ ಇದ್ದರೂ ಆ ಗಂಟೆಗಳನ್ನು ಅವುಗಳಿಗೆ ಕೊಡಬೇಡಿರಿ.

ಆದುದರಿಂದ ಗಂಡ ಹೆಂಡಿರು ಕೂಡಿ ಕೆಳಗಿನ ವಿಷಯಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

1. ನಗಲು ಹೇಳಿದಾಗ ಮುಖ ಒಂದು ಕಡೆಗೆ ಜೋತುಬೀಳುವುದು, ಎರಡೂ ಕೈ ಎತ್ತಲು ಹೇಳಿದಾಗ ಒಂದು ಕೆಳಗಿಳಿಯುವುದು, ಮಾತು ತೊದಲುವುದು, ಇದ್ದಕ್ಕಿದ್ದಂತೆ ಕಣ್ಣು ಕಾಣದಾಗುವುದು, ನಡಿಗೆ ತೂರಾಡುವುದು: ಇವುಗಳಲ್ಲಿ ಒಂದು ಕಂಡರೂ ಸಾಕು, ಪಾರ್ಶ್ವವಾಯುವೆಂದೇ ತಿಳಿಯಿರಿ.

2. ಗಡಿಯಾರ ನೋಡಿ ಹೊತ್ತನ್ನು ಗುರುತಿಟ್ಟುಕೊಳ್ಳಿರಿ. ಕೂಡಲೇ 108ಕ್ಕೆ ಕರೆ ಮಾಡಿರಿ. ಈ ಸೇವೆಯು ನಮ್ಮ ರಾಜ್ಯದಲ್ಲಿ 2008ರಿಂದ ಉಚಿತವಾಗಿ ನಡೆಯುತ್ತಿದೆ.

3. ರೋಗಿಯನ್ನು ಮಗ್ಗುಲಾಗಿ ಮಲಗಿಸಿರಿ. ನೀರು, ಚಹಾ, ಅನ್ನ, ಗುಳಿಗೆ ಯಾವುದನ್ನೂ ಬಾಯಿಗೆ ಹಾಕಬೇಡಿರಿ. ನುಂಗುವ ಶಕ್ತಿ ಇಲ್ಲದಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಹೃದಯಾಘಾತಕ್ಕೆ ಕೊಡುವ ಆಸ್ಪಿರಿನ್ ಗುಳಿಗೆಯನ್ನೂ ಸ್ಕ್ಯಾನ್‌ಗೆ ಮೊದಲು ಕೊಡಬಾರದು. ನಾಳ ಒಡೆದಿದ್ದರೆ ಅದು ಕೇಡು ಮಾಡುತ್ತದೆ.

4. ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಹೋಗಿರಿ. ನಿಮ್ಮೂರಿಗೆ ಹತ್ತಿರವಾದ ಅಂತಹ ಆಸ್ಪತ್ರೆ ಯಾವುದು, ಅಲ್ಲಿ ರಾತ್ರಿಯ ಹೊತ್ತೂ ಸ್ಕ್ಯಾನ್ ನಡೆಯುವುದೇ ಎಂಬುದನ್ನು ಆಶಾ ಕಾರ್ಯಕರ್ತೆಯಿಂದ ಇಂದೇ ವಿಚಾರಿಸಿ ಗೋಡೆಯ ಮೇಲೆ ಬರೆದಿಡಿರಿ. ಗದಗಿನ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆ, ಜನರು ಕಿಮ್ಸ್ ಎಂದು ಕರೆಯುವ ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇವು ನಿಮ್ಮ ಭಾಗಕ್ಕೆ ಸಮೀಪದ ದೊಡ್ಡ ಸರಕಾರಿ ಆಸ್ಪತ್ರೆಗಳು.

5. ಸೇವಿಸುತ್ತಿರುವ ಗುಳಿಗೆಗಳ ಚೀಟಿ, ರೇಷನ್ ಕಾರ್ಡು, ಆಧಾರ್ ಕಾರ್ಡು ಇವನ್ನು ಒಂದೇ ಚೀಲದಲ್ಲಿ ಇಟ್ಟಿರಿ. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ನೆರವು ಉಂಟು. ಆದರೆ ಕಾರ್ಡು ಹುಡುಕುತ್ತ ಹೊತ್ತು ಕಳೆಯಬೇಡಿರಿ. ಕಾರ್ಡು ಹಿಂದಿನಿಂದ ಬರಲಿ, ರೋಗಿ ಮುಂದೆ ಹೋಗಲಿ.

6. ಮೊದಲು ಕಂಡವರೇ ರೋಗಿಯೊಂದಿಗೆ ಆಂಬುಲೆನ್ಸ್ ಹತ್ತಬೇಕು. ‘ಹೆಣ್ಣುಮಗಳು, ಅವಳಿಗೇನು ತಿಳಿಯುತ್ತದೆ’ ಎಂದು ಹೆಂಡತಿಯನ್ನು ಮನೆಯಲ್ಲಿ ಬಿಟ್ಟು ಅಣ್ಣತಮ್ಮಂದಿರು ಮಾತ್ರ ಹೋಗುವುದು ಸರಿಯಲ್ಲ. ವೈದ್ಯರಿಗೆ ಬೇಕಾದ ಹೊತ್ತಿನ ಲೆಕ್ಕವು ಅವಳ ಬಳಿ ಇದೆ. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವ ಧೈರ್ಯವನ್ನೂ ಅವಳು ಪಡೆದಿರಬೇಕು.

ರೋಗ ಬಾರದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಮೇಲು. ಮೂವತ್ತು ವರ್ಷ ದಾಟಿದ ಗಂಡ ಹೆಂಡಿರಿಬ್ಬರೂ ಊರಿನ ಉಪಕೇಂದ್ರದಲ್ಲಿ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಬೇಕು. ಒತ್ತಡದ ಗುಳಿಗೆಯನ್ನು ‘ತಲೆನೋವು ಹೋಯಿತು’ ಎಂದು ನಡುವೆ ನಿಲ್ಲಿಸಬಾರದು. ಉಪ್ಪಿನಕಾಯಿ, ಸಂಡಿಗೆ, ಹಪ್ಪಳಗಳ ಉಪ್ಪನ್ನು ಕಡಿಮೆ ಮಾಡಿ, ಬೀಡಿ, ತಂಬಾಕು, ಗುಟ್ಕಾ, ಮದ್ಯಗಳನ್ನು ದೂರವಿಡಬೇಕು. ಗಂಡನ ಗುಳಿಗೆಯ ಹೊತ್ತನ್ನು ಹೆಂಡತಿಯೂ, ಹೆಂಡತಿಯ ಗುಳಿಗೆಯ ಹೊತ್ತನ್ನು ಗಂಡನೂ ನೆನಪಿಸುವುದು ದಾಂಪತ್ಯದ ಒಂದು ಕರ್ತವ್ಯವೆಂದೇ ತಿಳಿಯಿರಿ.

ಬಂಧುಗಳೇ, ಎಲ್ಲ ರೋಗಿಗಳೂ ಪೂರ್ತಿ ಗುಣವಾಗುತ್ತಾರೆಂದು ಯಾವ ವೈದ್ಯನೂ ಮಾತು ಕೊಡಲಾರನು. ಸಕಾಲಕ್ಕೆ ಬಂದವರಲ್ಲಿಯೂ ಕೆಲವರಿಗೆ ಕೈಯ ನಿಶ್ಶಕ್ತಿ ಉಳಿಯಬಹುದು; ಅವರು ವ್ಯಾಯಾಮ ಚಿಕಿತ್ಸೆಯಿಂದ ತಿಂಗಳುಗಟ್ಟಲೆ ಶ್ರಮಿಸಿ ಚೇತರಿಸಿಕೊಳ್ಳಬೇಕಾಗುತ್ತದೆ. ಆದರೆ ಬಾಡಿದುದನ್ನು ಒಣಗಗೊಡದಿರುವ ಅವಕಾಶ ಇಂದು ನಮ್ಮ ಕೈಗೆ ಬಂದಿದೆ. ಕೊಯ್ಯದೆ ಮೆದುಳನ್ನು ನೋಡುವ ಯಂತ್ರವು ಗದಗು ಹುಬ್ಬಳ್ಳಿಗಳವರೆಗೆ ಬಂದು ನಿಂತಿದೆ. ನಿಮ್ಮ ಮನೆಯ ಹೊಸ್ತಿಲಿನಿಂದ ಆ ಯಂತ್ರದವರೆಗಿನ ದಾರಿಯನ್ನು ಮಾತ್ರ ನೀವೇ ಸವೆಸಬೇಕು. ಇಂದು ರಾತ್ರಿ ಊಟವಾದ ಮೇಲೆ ಗಂಡ ಹೆಂಡಿರು ಐದು ನಿಮಿಷ ಕುಳಿತು, ನಮ್ಮಲ್ಲಿ ಒಬ್ಬರಿಗೆ ಹೀಗಾದರೆ ಯಾರಿಗೆ ಕರೆ ಮಾಡುವುದು, ಯಾವ ಆಸ್ಪತ್ರೆಗೆ ಹೋಗುವುದು, ಮಕ್ಕಳನ್ನೂ ದನಕರುಗಳನ್ನೂ ಯಾರು ನೋಡಿಕೊಳ್ಳುವುದು ಎಂಬುದನ್ನು ಮಾತನಾಡಿ ನಿಶ್ಚಯಿಸಿಕೊಳ್ಳಿರೆಂದು ವಿನಂತಿಸಿ ನನ್ನ ಮಾತನ್ನು ಮುಗಿಸುತ್ತೇನೆ.